ಭಾವನವರ ಹಾಲಿನವನು

ನನ್ನ ಗಂಡನ ಅಣ್ಣ ಪತ್ತೇದಾರರು. ಹಾಗಂತ ಎಲ್ಲೂ ಬೋರ್ಡ್ ಹಾಕಿಕೊಂಡವರಲ್ಲ. ಬೋರ್ಡ್ ಹಾಕುವುದು ಅಂಗಡಿಯವರ ಕೆಲಸ, ದೊಡ್ಡ ಮನುಷ್ಯರದ್ದಲ್ಲ ಅನ್ನುವುದು ಅವರ ಅಭಿಪ್ರಾಯ. ಹರೆಯದಲ್ಲಿ ಸೈನ್ಯದ ಗುಪ್ತಚರ ಕೆಲಸದಲ್ಲಿದ್ದರು. ಆಮೇಲೆ ಕೊಡಗಿನ ಕಡೆ ಒಂದು ದೊಡ್ಡ ಎಸ್ಟೇಟಿನಲ್ಲಿ ಕಾವಲಿನ ಅಧಿಕಾರಿಯಾಗಿದ್ದರು. ಅದೂ ಮುಗಿದ ಮೇಲೆ ಹುಣಸೂರಿಗೆ ಬಂದು, ಹನಗೋಡು ರಸ್ತೆಯಲ್ಲಿ ನಮ್ಮ ಮಾವನವರು ಕಟ್ಟಿಸಿದ್ದ ಮನೆಯ ಮುಂದಿನ ಭಾಗ ಹಿಡಿದುಕೊಂಡರು. ಹಿಂದಿನ ಭಾಗ ನನಗೂ ನನ್ನ ಗಂಡನಿಗೂ. ಓರಗಿತ್ತಿ ಆಗಲೇ ತೀರಿಕೊಂಡಿದ್ದರಿಂದ ಭಾವನವರ ಊಟ, ತಿಂಡಿ, ಬಂದವರಿಗೆಲ್ಲ ಕಾಫಿ, ಎಲ್ಲ ನನ್ನ ತಲೆಗೆ ಬಂತು. ಕೇಳಿ ಒಪ್ಪಿಸಿದ್ದಲ್ಲ. ಆ ಮನೆಯಲ್ಲಿ ಯಾವ ಹೆಂಗಸನ್ನೂ ಕೇಳಿ ಒಪ್ಪಿಸಿದ್ದಿಲ್ಲ.

ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ತಲೆಗೆ ಬೂದುಬಣ್ಣದ ಹ್ಯಾಟು, ಊರುವುದಕ್ಕಲ್ಲ, ತೋರಿಸುವುದಕ್ಕೆ ಅಂತ ಒಂದು ಬೆತ್ತ. ಹೀಗೆ ಸಿದ್ಧವಾಗಿ ಬೆಳಿಗ್ಗೆ ಜಗಲಿಯಲ್ಲಿ ಕೂತರೆ ಜನ ಬರುತ್ತಿದ್ದರು. ಪಂಪ್‌ಸೆಟ್ಟಿನ ಮೋಟರ್ ಕಳೆದುಕೊಂಡವರು, ಸೊಪ್ಪು ಹದಮಾಡುವ ಗೂಡು, ಆ ಬ್ಯಾರನ್ನಿನಲ್ಲಿ ಬೇಯಿಸಿಟ್ಟ ಹೊಗೆಸೊಪ್ಪು ಮಾಯವಾಯಿತು ಅನ್ನುವವರು, ಮಗಳು ಯಾರ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ ಅಂತ ತಿಳಿಯಬೇಕಾದವರು. ಪೊಲೀಸ್ ಸ್ಟೇಷನ್ನಿಗೆ ಹೋದರೆ ಮರ್ಯಾದೆ ಹೋಗುತ್ತದೆ, ಸಾಹೇಬ್ರ ಹತ್ತಿರ ಹೋದರೆ ಮರ್ಯಾದೆ ಬರುತ್ತದೆ ಅಂತ ಅವರ ಲೆಕ್ಕ. ಭಾವನವರು ಒಂದು ಕಾಸೂ ಮುಟ್ಟುತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಅವರಿಗೆ ಬೇಕಾಗಿದ್ದದ್ದು ಎದುರಿಗೆ ಕೂತವರ ಬಾಯಿ ಅಷ್ಟಗಲ ತೆರೆಯುವುದು.

ಅವರ ಪತ್ತೇದಾರಿಕೆ ಹೇಗಿತ್ತು ಅನ್ನುವುದಕ್ಕೆ ಒಂದನ್ನು ಹೇಳುತ್ತೇನೆ. ಹನಗೋಡಿನ ಹತ್ತಿರ ಹೊಳೆಯಂಚಿನಲ್ಲಿ ಜಮೀನಿದ್ದ ಅಣ್ಣತಮ್ಮಂದಿರ ಮೋಟರ್ ಕಳುವಾಯಿತು. ಭಾವನವರು ಹೋಗಿ ದಂಡೆ ನೋಡಿದರು, ಕೆಸರು ನೋಡಿದರು, ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಮುಖ ನೋಡಿದರು. ತಮ್ಮನಾದವನು ಕಣ್ಣು ಕೆಳಗೆ ಹಾಕಿದ. "ಇದು ಮನೆಯೊಳಗಿನ ಕೈ" ಅಂದರು. ಅಷ್ಟು ಸಾಕಾಯಿತು. ಅಣ್ಣತಮ್ಮಂದಿರು ಬೇರೆಯಾದರು, ಮಧ್ಯೆ ಬೇಲಿ ಎದ್ದಿತು. ಆಮೇಲೆ ಆ ಮೋಟರ್ ಕೆ.ಆರ್. ನಗರದ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಕದ್ದವನು ಎಲ್ಲಿಂದಲೋ ಬಂದವನು, ಆ ಮನೆಗೂ ಅವನಿಗೂ ಸಂಬಂಧವೇ ಇರಲಿಲ್ಲ. ಆದರೂ ಅಣ್ಣ ಬಂದು ನಮ್ಮ ಜಗಲಿಯಲ್ಲಿ ಕೂತು, "ಸಾಹೇಬ್ರು ಹೇಳಿದ್ ಮ್ಯಾಲೆ ಏನೋ ಇದ್ದೇ ಇರ್ತದೆ ಕಣ್ರಮ್ಮ" ಅಂತ ನನ್ನ ಕೈಯಿಂದಲೇ ಕಾಫಿ ಇಸಕೊಂಡು ಕುಡಿದ. ಇಂಥವರಿಗೆ ಇಂಥವರೇ ಸಿಗಬೇಕು ಅಂತ ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ.

ಇಷ್ಟೆಲ್ಲ ನಂಬಿಕೆಗೆ ಬೇರು ಒಂದು ಕತೆ. ಎಪ್ಪತ್ತೊಂದರ ಯುದ್ಧದಲ್ಲಿ ಶತ್ರುವಿನ ಗೂಢಚಾರನನ್ನು ಹಿಡಿದ ಕತೆ. ಆಗಸ್ಟ್ ಬಂತೆಂದರೆ ಹುಣಸೂರಿನಿಂದ ಹೆಗ್ಗಡದೇವನಕೋಟೆಯ ತನಕ ಯಾವುದಾದರೂ ಶಾಲೆಯವರು ಕರೆಯುತ್ತಿದ್ದರು. ಭಾವನವರು ಹ್ಯಾಟು ತೆಗೆದು ಮೇಜಿನ ಮೇಲಿಟ್ಟು ಶುರುಮಾಡುತ್ತಿದ್ದರು. ನನಗೆ ಅದು ಬಾಯಿಪಾಠ.

ಪೂರ್ವದ ಗಡಿಯ ಹತ್ತಿರ ಅವರ ಠಾಣ್ಯ. ದಿನಾ ಬೆಳಿಗ್ಗೆ ಮಂಜಿನಲ್ಲಿ ಒಬ್ಬ ಹಾಲಿನವನು ಸೈಕಲ್ಲಿನಲ್ಲಿ ಬರುತ್ತಿದ್ದ. ಎಲ್ಲರಿಗೂ ಅವನು ಬರೀ ಹಾಲಿನವನು. ಇವರಿಗೆ ಮಾತ್ರ ಅನುಮಾನ. ಮೊದಲನೆಯದು, ಅವನು ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಏನು ಕೇಳಿದರೂ ನಕ್ಕುಬಿಡುತ್ತಿದ್ದ. ಮಾತಾಡಿದರೆ ಎಲ್ಲಿಯವನೆಂದು ತಿಳಿದುಬಿಡುತ್ತದಲ್ಲ. ಎರಡನೆಯದು, ಯಾರು ಮಾತಾಡುತ್ತಿದ್ದರೂ ಅವರ ಮುಖವನ್ನೇ ಬಿಟ್ಟಕಣ್ಣಿನಿಂದ ನೋಡುತ್ತಿದ್ದ. ಮುಖಗಳನ್ನು ನೆನಪಿಗೆ ಹಾಕಿಕೊಳ್ಳುತ್ತಿದ್ದ. ಮೂರನೆಯದನ್ನು ಹೇಳುವ ಮೊದಲು ಭಾವನವರು ನೀರು ಕುಡಿಯುತ್ತಿದ್ದರು. ಒಂದು ದಿನ ಹತ್ತಿರದಲ್ಲೇ ಗುಂಡು ಹಾರಿತು. ಹಸು ಬೆದರಿತು, ಕಾಗೆ ಎದ್ದವು, ಸಿಪಾಯಿಗಳು ಬಗ್ಗಿದರು. ಹಾಲಿನವನ ಕೈ ನಡುಗಲಿಲ್ಲ. ಹಾಲು ಅಳೆಯುತ್ತಲೇ ಇದ್ದ. "ಸಾಮಾನ್ಯ ಮನುಷ್ಯ ಬೆಚ್ಚಿ ಬೀಳುತ್ತಾನೆ ಮಕ್ಕಳೇ. ಬೆಚ್ಚದವನು ಯಾರು? ತರಬೇತಾದ ಯೋಧ."

ಹಿಡಿದರು. ಎಷ್ಟು ವಿಚಾರಿಸಿದರೂ ಅವನು ಬಾಯಿ ಬಿಡಲಿಲ್ಲ. ಕೊನೆಗೆ ತಪ್ಪಿಸಿಕೊಳ್ಳಲು ಹೋಗಿ ಸತ್ತ. "ಶತ್ರುವಾದರೂ ಅವನ ಗಟ್ಟಿತನಕ್ಕೆ ನಾನು ಸೆಲ್ಯೂಟ್ ಹೊಡೆದೆ" ಅಂತ ಮುಗಿಸುವಾಗ ಅವರ ದನಿ ಸ್ವಲ್ಪ ಒಡೆಯುತ್ತಿತ್ತು. ಎಲ್ಲಿ ಒಡೆಯಬೇಕೋ ಅಲ್ಲೇ, ಪ್ರತಿ ಸಲವೂ. ಹೆಡ್ಮಾಸ್ತರು ಶಾಲು ಹೊದಿಸುತ್ತಿದ್ದರು. ಆ ಶಾಲುಗಳನ್ನು ಒಗೆದು ಮಡಿಸಿಡುವವಳು ನಾನು.

ಕೆಲವು ವರ್ಷಗಳ ಹಿಂದೆ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಒಂದು ಶಾಲೆಗೆ ಕರೆದರು. ನನ್ನ ಗಂಡನಿಗೆ ಜ್ವರವಿದ್ದದ್ದರಿಂದ ಭಾವನವರ ಜೊತೆ ಕಾರಿನಲ್ಲಿ ನಾನು ಹೋದೆ. ವೇದಿಕೆಯ ಎದುರಿನ ಕುರ್ಚಿಯಲ್ಲಿ ಒಬ್ಬ ಎತ್ತರದ ಮುದುಕರು ಕೂತಿದ್ದರು, ಬೆನ್ನು ನೇರ, ಬಿಳಿ ಮೀಸೆ. ಕೊಡಗಿನವರು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಸೈನ್ಯದಲ್ಲಿ ಸುಬೇದಾರರಾಗಿದ್ದರಂತೆ, ಕೊಡಗಿನ ಗಡಿಯ ಈಚೆಗೆ ನಮ್ಮ ಕಡೆ ಶುಂಠಿ ಹಾಕಿಕೊಂಡು ಹೆಂಡತಿಯೊಂದಿಗೆ ಇದ್ದಾರಂತೆ, ಅವರಿಗೂ ಇವತ್ತು ಸನ್ಮಾನ ಅಂತ ಪಕ್ಕದ ಟೀಚರು ಹೇಳಿದರು.

ಭಾವನವರು ಕತೆ ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಸುಬೇದಾರರು ಕೈ ಎತ್ತಲಿಲ್ಲ. ತಮ್ಮ ಸರದಿ ಬಂದಾಗ ಹೂವಿನ ಹಾರ ಹಾಕಿಸಿಕೊಂಡು, ಮಾತಾಡಲು ಏನೂ ಇಲ್ಲ ಅಂತ ಹೇಳಿ ಕೆಳಗಿಳಿದರು. ಕಾರ್ಯಕ್ರಮ ಮುಗಿದು ಉಪ್ಪಿಟ್ಟು ಕೊಡುತ್ತಿದ್ದಾಗ ಭಾವನವರ ಮುಂದೆ ಬಂದು ನಿಂತರು.

"ಇನ್ನೂ ಹೇಳ್ತಾ ಇದ್ದೀರಾ ಅದನ್ನ?" ಅಂದರು.

ಭಾವನವರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ತಾವು ಯಾರು ಅಂತ ಗೊತ್ತಾಗಲಿಲ್ಲ."

"ನಾನು ಅವನನ್ನ ಕೂಡಿಹಾಕಿದ್ದ ಶೆಡ್ಡಿನ ಬಾಗಿಲಲ್ಲಿ ಪಹರೆ ನಿಂತಿದ್ದವನು."

"ಏನೋ ತಪ್ಪು ತಿಳಿವಳಿಕೆ ಆಗಿರಬೇಕು" ಅಂತ ಭಾವನವರು ಹ್ಯಾಟು ಹಾಕಿಕೊಂಡರು. ಉಪ್ಪಿಟ್ಟು ಅರ್ಧಕ್ಕೇ ಬಿಟ್ಟರು. ನಾನು ತಟ್ಟೆಯಲ್ಲಿ ಅನ್ನ ಬಿಟ್ಟರೆ ಹಾರಾಡುವ ಮನುಷ್ಯ. ದಾರಿಯುದ್ದಕ್ಕೂ ಕಿಟಕಿಯಾಚೆ ಹೊಗೆಸೊಪ್ಪಿನ ಹೊಲಗಳನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಾ ಕೂತಿದ್ದರು. ಎದುರಿಗಿದ್ದವನ ಕಣ್ಣು ಕೆಳಗೆ ಬಿದ್ದರೆ ಕಳ್ಳ ಅನ್ನುವ ಇವರ ಶಾಸ್ತ್ರವನ್ನು ಇವರಿಗೇ ಹಚ್ಚಿ ನೋಡಬೇಕು ಅನ್ನಿಸಿತು ನನಗೆ.

ಸ್ವಲ್ಪ ದಿನ ಕಳೆದ ಮೇಲೆ ಸುಬೇದಾರರು ನಮ್ಮ ಮನೆಗೇ ಬಂದರು. ಬೆಳಗಿನ ಹೊತ್ತು. ಬಸ್ಸಿಳಿದು ಕೇಳಿಕೊಂಡು ನಡೆದೇ ಬಂದಿದ್ದರು. ಜನರೆದುರು ಬೇಡ ಅಂತ ಭಾವನವರು ಅವರನ್ನು ಒಳಗೆ ಕೂರಿಸಿ ಬಾಗಿಲು ಮುಂದೆ ಮಾಡಿದರು. ನಾನು ಕಾಫಿ ತಂದಿಟ್ಟೆ.

"ನೀನು ಒಳಗೆ ಹೋಗಮ್ಮ" ಅಂದರು ಭಾವ.

"ಇರಲಿ" ಅಂದರು ಸುಬೇದಾರರು. "ಅವತ್ತು ಇವರೂ ಕೇಳಿದ್ರಲ್ಲ. ಇದನ್ನೂ ಕೇಳಲಿ."

ನಾನು ಬಾಗಿಲ ಪಕ್ಕದ ಮಣೆಯ ಮೇಲೆ ಕೂತೆ. ಅವರು ನಿಧಾನವಾಗಿ, ಯಾವುದೋ ಜಮೀನಿನ ಗಡಿ ವಿವರಿಸುವವರ ಹಾಗೆ ಹೇಳಿದರು.

"ಆ ಹಾಲಿನವನಿಗೆ ಕಿವಿ ಕೇಳ್ತಿರಲಿಲ್ಲ ಅಮ್ಮ. ಹುಟ್ಟಿದಾಗಿಂದ. ಮಾತೂ ಬರ್ತಿರಲಿಲ್ಲ. ನಮ್ಮ ಸಿಪಾಯಿಗಳಿಗೆ ಗೊತ್ತಿತ್ತು, ಸನ್ನೆ ಮಾಡಿ ಹಾಲು ತಗೊಳ್ತಿದ್ವಿ. ನಾನು ಇವರಿಗೆ ಹೇಳಿದೆ. ಅದೇ ಅವನ ನಾಟಕ ಅಂದ್ರು. ಶೆಡ್ಡಿನಲ್ಲಿ ಹಾಕಿ ಹೊಡೆದ್ರು. ಅವನ ಬಾಯಿಂದ ಒಂದು ಥರ ದನಿ ಬರ್ತಿತ್ತು. ಅದು ಶತ್ರು ಭಾಷೆ ಅಂತ ಇನ್ನೂ ಹೊಡೆದ್ರು. ಬೆಳಿಗ್ಗೆ ಅವನ ಹೆಂಡತಿ ಬಂದ್ಳು, ಕಂಕುಳಲ್ಲಿ ಮಗು. ಕಿವಿ ಮುಟ್ಟಿ ತೋರಿಸ್ತಾ, ಕೈಯಾಡಿಸ್ತಾ ಬೇಡ್ಕೊಂಡ್ಳು. ಅಲ್ಲಿನ ಭಾಷೆ ಬರೋ ಒಬ್ಬ ನಮ್ಮಲ್ಲಿದ್ದ, ಅವನು ಇವರಿಗೆ ಅದನ್ನೆಲ್ಲ ಬಿಡಿಸಿ ಹೇಳಿದ. ಅಷ್ಟರಲ್ಲಿ ಹಾಲಿನವನು ಸತ್ತಿದ್ದ. ಇವರು ಅವಳಿಗೆ, ನಿನ್ನ ಗಂಡನನ್ನ ದೊಡ್ಡ ಠಾಣ್ಯಕ್ಕೆ ಕಳಿಸಿದ್ದೀವಿ, ಅಲ್ಲಿ ಕೇಳು ಅಂದ್ರು. ಅವಳು ನಡೆದುಕೊಂಡು ಹೋದ್ಳು. ತಪ್ಪಿಸಿಕೊಳ್ಳೋಕೆ ಹೋದ ಅನ್ನೋದೆಲ್ಲ ಆಮೇಲೆ ಮಾಡಿದ್ದು."

ನಾನು ಭಾವನವರ ಕಡೆ ನೋಡಿದೆ. ಆ ಮುಖದಲ್ಲಿ ನೋವು ಕಾಣಬಹುದು, ಕೋಪವಾದರೂ ಕಾಣಬಹುದು ಅಂದುಕೊಂಡಿದ್ದೆ. ಅವರು ಮೂಗಿನ ತುದಿ ಉಜ್ಜುತ್ತಿದ್ದರು. ಕ್ರಾಸ್‌ವರ್ಡಿನಲ್ಲಿ ಒಂದು ಪದ ತಪ್ಪಿ ಬಿದ್ದಾಗ ಹೀಗೇ ಉಜ್ಜುವುದು.

"ನೋಡಿ ಸುಬೇದಾರರೆ," ಅಂದರು, "ನನ್ನ ತರ್ಕದಲ್ಲಿ ದೋಷ ಇರಲಿಲ್ಲ. ನನ್ನ ಮುಂದಿದ್ದ ಲಕ್ಷಣಗಳನ್ನು ನೋಡಿ ಯಾರೇ ಆಗಿದ್ದರೂ ಅದೇ ತೀರ್ಮಾನಕ್ಕೆ ಬರುತ್ತಿದ್ದರು."

"ನಮ್ಮ ಠಾಣ್ಯದ ಅಡುಗೆಯವನು ಆ ತೀರ್ಮಾನಕ್ಕೆ ಬಂದಿರಲಿಲ್ಲ. ನಾನು ಬಂದಿರಲಿಲ್ಲ."

"ನಿಮಗೆ ಆ ತರಬೇತಿ ಇರಲಿಲ್ಲ."

ಸುಬೇದಾರರು ಕಾಫಿಯ ಲೋಟ ಪಕ್ಕಕ್ಕೆ ಸರಿಸಿ, "ನಾನು ಪೊಲೀಸಿಗೆ ಹೋಗಲ್ಲ, ಪೇಪರಿಗೆ ಹೋಗಲ್ಲ" ಅಂದರು. "ಅವತ್ತು ನನಗೂ ಕೈಯಲ್ಲಿ ಬಂದೂಕಿತ್ತು, ಬಾಗಿಲು ತೆಗೀಲಿಲ್ಲ. ಅದು ನನ್ನದು. ನಿಮ್ಮಿಂದ ಒಂದೇ ಬೇಕು. ಮಕ್ಕಳಿಗೆ ಅದನ್ನ ಹೇಳ್ಬೇಡಿ. ಬೇರೆ ಏನಾದ್ರೂ ಸುಳ್ಳು ಹೇಳಿ. ಅದೊಂದನ್ನ ಬಿಟ್ಟುಬಿಡಿ."

ಭಾವನವರು ಎದ್ದು ನಿಂತರು. ಅದು ಅವರ ಮನೆಯಲ್ಲಿ ಬಂದವರನ್ನು ಕಳಿಸುವ ಕ್ರಮ. ಸುಬೇದಾರರು ಹೊರಡುವಾಗ ಅವರ ಫೋನ್ ನಂಬರ್ ನಾನು ಕೇಳಿ ತೆಗೆದುಕೊಂಡು, ನನ್ನದನ್ನೂ ಕೊಟ್ಟೆ. ಭಾವನವರ ಎದುರಿಗೇ.

ನಾನು ದಡ್ಡಿ. ಇನ್ನು ಈ ಕತೆ ನಿಲ್ಲುತ್ತದೆ ಅಂತ ಅಂದುಕೊಂಡೆ. ನಾಚಿಕೆ ಅನ್ನುವುದು ತಡವಾಗಿಯಾದರೂ ಎಲ್ಲರಿಗೂ ಬರುತ್ತದೆ ಅಂತ ಆ ವಯಸ್ಸಿನಲ್ಲೂ ನಂಬಿದ್ದೆ.

ಭಾವನವರು ಅಷ್ಟು ವರ್ಷಗಳಲ್ಲಿ ಯಾವ ಕಳುವಿಗೂ ತೋರಿಸದ ಶ್ರದ್ಧೆಯಿಂದ ಹೊಸ ಪತ್ತೇದಾರಿಕೆ ಶುರುಮಾಡಿದರು. ಪತ್ತೆ ಮಾಡಬೇಕಾದದ್ದು ಸುಬೇದಾರರ ಹುಳುಕನ್ನು. ಪಿರಿಯಾಪಟ್ಟಣಕ್ಕೆ ಹೋಗಿ ಬಂದರು, ಗೊಬ್ಬರದ ಅಂಗಡಿಯಲ್ಲಿ ಕೂತು ಮಾತೆತ್ತಿದರು, ಹಳೇ ಎಸ್ಟೇಟಿನವರಿಗೆ ಫೋನ್ ಹಚ್ಚಿದರು. ಕುಡಿತಾನಾ, ಸಾಲ ಉಂಟಾ, ಹೆಂಡತಿ ಜೊತೆ ಹೇಗೆ. ಏನೂ ಸಿಗಲಿಲ್ಲ. ಸಿಕ್ಕದೆ ಹೋದಾಗ ಮನುಷ್ಯ ಸುಮ್ಮನಿರುತ್ತಾನೆ. ಇವರು, "ಪಾಪ, ಅವರಿಗೆ ಮರೆವಿನ ಕಾಯಿಲೆ" ಅಂತ ತೀರ್ಮಾನಿಸಿದರು. ಜಗಲಿಗೆ ಬಂದವರಿಗೆಲ್ಲ, ತಮ್ಮ ಹಳೇ ಸಹೋದ್ಯೋಗಿಯೊಬ್ಬರ ಬುದ್ಧಿ ಹೀಗಾಯಿತಲ್ಲ ಅಂತ ನಿಟ್ಟುಸಿರು ಬಿಟ್ಟು ಹೇಳತೊಡಗಿದರು. ಹಾರನಹಳ್ಳಿಯಲ್ಲಿ ಯಾರೆಂದೇ ಗೊತ್ತಿಲ್ಲದವರು ಈಗ ಸಹೋದ್ಯೋಗಿ. ಜನ ತಲೆಯಾಡಿಸಿದರು. ನಮ್ಮ ಜನಕ್ಕೆ ಇಸ್ತ್ರಿ ಮಾಡಿದ ಅಂಗಿಯೊಳಗಿಂದ ಏನು ಬಂದರೂ ಸತ್ಯವೇ.

ಮುಂದಿನ ಜನವರಿಯಲ್ಲಿ ಅಂತರಸಂತೆಯ ಕಡೆಯಿಂದ ಕರೆ ಬಂತು. ಸಂತೆಮಾಳದ ಪಕ್ಕದ ಶಾಲೆ. ನಾನು ಬೇಕೆಂದೇ ಜೊತೆಗೆ ಹೋದೆ. ಬೇರೆ ಏನು ಹೇಳುತ್ತಾರೋ ಕೇಳೋಣ ಅಂತ. ಹ್ಯಾಟು ಮೇಜಿನ ಮೇಲೆ ಬಂತು. ಪೂರ್ವದ ಗಡಿ ಬಂತು, ಮಂಜು ಬಂತು, ಸೈಕಲ್ಲು ಬಂತು. ಮೂರೂ ಲಕ್ಷಣ ಹೇಳಿ ನೀರು ಕುಡಿದು, ಹಿಂದೆ ಯಾವತ್ತೂ ಹೇಳದೇ ಇದ್ದ ಒಂದು ಮಾತು ಸೇರಿಸಿದರು.

"ಅವನು ಎಂಥ ಚಾಣಾಕ್ಷ ಅಂದರೆ ಮಕ್ಕಳೇ, ಹುಟ್ಟು ಕಿವುಡನ ಹಾಗೆ ನಟಿಸಿದ. ಅವನ ಹೆಂಡತಿ ಅಂತ ಒಬ್ಬಳನ್ನು ಮಗುವಿನ ಜೊತೆ ಕಳಿಸಿದ್ದರು. ಅಳುತ್ತಾ ಬಂದಳು. ನಮ್ಮ ಕೆಲವು ಸಿಪಾಯಿಗಳು ನಂಬಿಬಿಟ್ಟರು. ನಾನು ನಂಬಲಿಲ್ಲ."

ಚಪ್ಪಾಳೆ ಹಿಂದೆಂದಿಗಿಂತ ಜೋರಾಗಿತ್ತು. ಕತೆ ಚೆನ್ನಾಗಿ ಆಗಿತ್ತು, ಅದನ್ನು ಹೇಳಲೇಬೇಕು. ಆ ಮುದುಕರು ಅಷ್ಟು ದೂರದಿಂದ ಬಂದು ತಮ್ಮ ಎದೆಯೊಳಗಿಂದ ತೆಗೆದುಕೊಟ್ಟದ್ದನ್ನು ಇವರು ಒಗ್ಗರಣೆಗೆ ಬಳಸಿಕೊಂಡಿದ್ದರು.

ನಾನು ಕೂತಲ್ಲಿಂದಲೇ, "ಅವನು ನಟಿಸಲಿಲ್ಲ. ನಿಜವಾಗ್ಲೂ ಕಿವುಡ" ಅಂದೆ. ಮೈಕಿಲ್ಲದ ದನಿ ಎಷ್ಟು ದೂರ ಹೋಗುತ್ತದೆ. ಪಕ್ಕದಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ಭಾವನವರು ಕೇಳಿಸಿಕೊಂಡರು, ಅದು ನನಗೆ ಗೊತ್ತು. ಮುಗುಳ್ನಕ್ಕು, "ನಮ್ಮ ಮನೆಯವರೇ ಈಗಲೂ ನಂಬುತ್ತಾರೆ, ನೋಡಿ, ಅಷ್ಟು ಚೆನ್ನಾಗಿತ್ತು ಅವನ ನಟನೆ" ಅಂದರು. ಎಲ್ಲರೂ ನಕ್ಕರು.

ಸುಬೇದಾರರು ಆಗಾಗ ಫೋನ್ ಮಾಡುತ್ತಿದ್ದರು. ಒಂದೇ ಪ್ರಶ್ನೆ, "ಬಿಟ್ರಾ?" ನಾನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅಂತರಸಂತೆಯಲ್ಲಿ ಆದದ್ದನ್ನು ಆದ ಹಾಗೇ ಹೇಳಿದೆ. "ಹೆಂಡತಿಯನ್ನೂ ಸೇರಿಸಿದ್ರಾ" ಅಂದರು. ಆಮೇಲೆ ಅವರು ಫೋನ್ ಮಾಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಹೆಂಡತಿ ಮಾಡಿದರು. ಸುಬೇದಾರರು ಎದೆ ನಿಂತು ತೀರಿಕೊಂಡಿದ್ದರು.

ನಾನು ತಿಥಿಗೆ ಹೊರಟೆ. ಹೊರಡುವಾಗ ನೋಡಿದರೆ ಭಾವನವರು ಸಿದ್ಧರಾಗಿ ಕಾರಿನಲ್ಲಿ ಕೂತಿದ್ದರು, ಎದೆಗೆ ಮೆಡಲು ಸಿಕ್ಕಿಸಿಕೊಂಡು. ಯಾರು ಕರೆದರೋ ಗೊತ್ತಿಲ್ಲ. "ಸೈನಿಕನ ಮರ್ಯಾದೆ ಸೈನಿಕ ಮಾಡಬೇಕು" ಅಂದರು. ನನ್ನ ಗಂಡ ಸ್ಟೀರಿಂಗ್ ಹಿಡಿದುಕೊಂಡು ನನ್ನ ಕಡೆ ನೋಡಲೇ ಇಲ್ಲ.

ಶುಂಠಿ ಹೊಲದ ಮಧ್ಯದ ಹೆಂಚಿನ ಮನೆ. ಅಂಗಳದಲ್ಲಿ ಶಾಮಿಯಾನ, ಕೊಡಗಿನಿಂದ ಬಂದ ನೆಂಟರು, ಸುತ್ತಿನ ಹಳ್ಳಿಯ ಗೌಡರು. ಪೂಜೆಯೆಲ್ಲ ಮುಗಿದು ಎಲೆ ಹಾಕುವ ಮೊದಲು ಯಾರೋ ಒಂದೆರಡು ಮಾತಾಡಿದರು. ಭಾವನವರನ್ನು ಯಾರೂ ಕೇಳಲಿಲ್ಲ. ಅವರೇ ಎದ್ದು ಹೋಗಿ ನಿಂತರು. ಸುಬೇದಾರರು ತಮ್ಮ ಅಚ್ಚುಮೆಚ್ಚಿನ ಜೊತೆಗಾರರು ಅಂದರು. ಎಪ್ಪತ್ತೊಂದರಲ್ಲಿ ಒಂದೇ ಠಾಣ್ಯದಲ್ಲಿದ್ದೆವು ಅಂದರು. "ಆ ಗೂಢಚಾರನನ್ನು ನಾವಿಬ್ಬರೂ ಸೇರಿ..." ಅಂತ ಶುರುಮಾಡಿದರು.

ಗೋಡೆಯ ಹತ್ತಿರ ಕೂತಿದ್ದ ಸುಬೇದಾರರ ಹೆಂಡತಿ ನನ್ನ ಕಡೆ ಬಾಗಿದರು. ಕುಳ್ಳನೆಯ, ಗಟ್ಟಿ ಹೆಂಗಸು. ಅವರ ಕಣ್ಣಲ್ಲಿ ನೀರಿರಲಿಲ್ಲ.

"ಇವರೇನಾ ಅವರು?"

"ಹೌದು" ಅಂದೆ.

ಅವರು ಮೊಣಕಾಲಿಗೆ ಕೈ ಊರಿ ಎದ್ದರು. ಜನ ದಾರಿ ಬಿಟ್ಟರು. ಭಾವನವರ ಮುಂದೆ ನಿಂತು, ದನಿ ಏರಿಸದೆ ಹೇಳಿದರು.

"ನಮ್ಮ ಮನೆಯವರು ಒಂದು ದಿನಾನೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಆ ಹಾಲಿನವನ ದನಿ ಕೇಳ್ತದೆ ಅಂತಿದ್ರು. ನೀವು ನಿದ್ದೆ ಮಾಡ್ತೀರಾ?"

ಭಾವನವರು ಸುತ್ತ ನೋಡಿದರು. "ದುಃಖದಲ್ಲಿದ್ದಾರೆ" ಅಂತ ಗೌಡರ ಕಡೆ ತಿರುಗಿ ಹೇಳಿದರು.

"ನಾನು ನಿಮ್ಮನ್ನ ಕೇಳಿದ್ದು."

ಭಾವನವರು ಎದೆಯ ಮೆಡಲು ಸರಿಮಾಡಿಕೊಂಡರು.

"ಮಾಡ್ತೀರಿ. ಮುಖ ನೋಡಿದ್ರೆ ಗೊತ್ತಾಗ್ತದೆ. ಈ ಮನೇಲಿ ನೀವು ಊಟ ಮಾಡೋದು ಬೇಡ. ಹೊರಡಿ."

ಶಾಮಿಯಾನದಡಿ ಎಲೆ ಹಿಡಿದುಕೊಂಡಿದ್ದವರು ಹಾಗೇ ನಿಂತಿದ್ದರು. ಭಾವನವರು ಬೆತ್ತ ತೆಗೆದುಕೊಂಡರು. ಅವತ್ತು ಮೊದಲ ಸಲ ಅದನ್ನು ಊರಿಕೊಂಡು ನಡೆದದ್ದನ್ನು ನೋಡಿದೆ. ಒಬ್ಬರೂ ಅವರ ಹಿಂದೆ ಹೋಗಲಿಲ್ಲ, ನನ್ನ ಗಂಡನನ್ನು ಬಿಟ್ಟರೆ. ನಾನು ಕೂತು ಊಟ ಮಾಡಿದೆ, ಹೆಂಗಸರ ಜೊತೆ ಸೇರಿ ಪಾತ್ರೆ ತೊಳೆದೆ, ಸಂಜೆಯ ಬಸ್ಸಿಗೆ ಮನೆಗೆ ಬಂದೆ.

ಮನೆಯಲ್ಲಿ ನನ್ನ ಗಂಡ ಮುಖ ಇಳಿಬಿಟ್ಟುಕೊಂಡು ಕೂತಿದ್ದರು.

"ನೀನಾರ ಎದ್ದು ಬರಬೌದಾಗಿತ್ತು" ಅಂದರು. "ಏನೇ ಆದ್ರೂ ಅಣ್ಣ ಕಣೆ. ಏನ್ ಮಾಡಕಾಯ್ತದೆ ಬುಡು."

"ನಾಳೆಯಿಂದ ನಿಮ್ಮಣ್ಣನಿಗೆ ನೀವೇ ಬೇಯಿಸಿ ಹಾಕಿ. ಅದನ್ನ ಮಾಡಕಾಯ್ತದೆ."

ಅವರು ತಮಾಷೆ ಅಂದುಕೊಂಡರು. ಬೆಳಿಗ್ಗೆ ಒಲೆಯ ಮುಂದೆ ನಿಂತಾಗ ಗೊತ್ತಾಯಿತು. ಈಗ ಮುಂದಿನ ಭಾಗದ ಅನ್ನ, ಸಾರು ನನ್ನ ಗಂಡನದ್ದು. ಸಾರಿಗೆ ಉಪ್ಪು ಹೆಚ್ಚು, ಅನ್ನ ಅಂಟು. ಮುದ್ದೆ ಅವರಿಗೆ ಬರುವುದೇ ಇಲ್ಲ. ಭಾವನವರು ಒಂದು ಮಾತೂ ಕೇಳದೆ ಉಣ್ಣುತ್ತಾರೆ. ಕೇಳಿದರೆ ಉತ್ತರ ಬರುತ್ತದೆ ಅನ್ನುವ ಭಯ.

ಆ ತಿಥಿಯ ಸುದ್ದಿ ಪಿರಿಯಾಪಟ್ಟಣದ ಕಡೆ ಹರಡಿತು. ಅಲ್ಲಿಂದ ಈಗ ಯಾರೂ ಅವರನ್ನು ಕರೆಯುವುದಿಲ್ಲ. ಹೆಗ್ಗಡದೇವನಕೋಟೆಯ ಕಡೆಯವರು, ಕೆ.ಆರ್. ನಗರದವರು ಇನ್ನೂ ಕರೆಯುತ್ತಾರೆ. ಅವರು ಹೋಗುತ್ತಾರೆ, ಹೇಳುತ್ತಾರೆ. ಈಗ ಕತೆಯಲ್ಲಿ ಸುಬೇದಾರರೂ ಇದ್ದಾರಂತೆ, ಭಾವನವರ ಮಾತನ್ನು ಮೊದಲು ನಂಬಿದ ವೀರ ಸಿಪಾಯಿಯಾಗಿ. ಸತ್ತವರು ಬಂದು ಬೇಡ ಅನ್ನುವುದಿಲ್ಲವಲ್ಲ.

ಸುಬೇದಾರರ ಹೆಂಡತಿ ಕೆಲವೊಮ್ಮೆ ಫೋನ್ ಮಾಡುತ್ತಾರೆ. ಶುಂಠಿಯ ರೇಟು, ಮಂಡಿನೋವು, ಆನೆ ಬಂದು ಬೇಲಿ ಮುರಿದದ್ದು, ಹೀಗೆ ಏನೋ ಒಂದು. ಮೊನ್ನೆ ಮಾತಿನ ಮಧ್ಯೆ ನಿಲ್ಲಿಸಿ, "ಆ ಹಾಲಿನವನ ಮಗು ಗಂಡಾ ಹೆಣ್ಣಾ, ನಿಮಗೇನಾದ್ರೂ ಹೇಳಿದ್ರಾ ನಮ್ಮನೆಯವರು?" ಅಂತ ಕೇಳಿದರು.

ಹೇಳಿರಲಿಲ್ಲ. ಆ ಮಗುವನ್ನು ನೋಡಿದ ಮನುಷ್ಯ ಮುಂದಿನ ಕೋಣೆಯಲ್ಲಿ ಇನ್ನೂ ಬದುಕಿದ್ದಾರೆ, ಹೋಗಿ ಕೇಳಬಹುದು. ಎರಡು ಸಲ ಬಾಗಿಲವರೆಗೆ ಹೋದೆ. ಅವರ ಬಾಯಿಂದ ಬಂದರೆ ಅದನ್ನೂ ನಂಬುವ ಹಾಗಿಲ್ಲ ಅನ್ನಿಸಿ ಹಿಂದೆ ಬಂದೆ.